ಸಿಗ್ನಲ್‌ನಲ್ಲಿ ಮಂಕಾಗುವ ಹೆಡ್‌ಲೈಟ್: ದೋಷ ಬೆಲ್ಟಿನದೋ, ಆಲ್ಟರ್ನೇಟರಿನದೋ?

ಕಾರಿನ ಬ್ಯಾಟರಿಯ ಮುಖ್ಯ ಕೆಲಸ ಎಂಜಿನ್ ಸ್ಟಾರ್ಟ್ ಮಾಡುವುದು. ಆಮೇಲೆ ದೀಪ, ವೈಪರ್, ಎ.ಸಿ. ಫ್ಯಾನುಗಳಿಗೆ ವಿದ್ಯುತ್ ಕೊಟ್ಟು, ಬ್ಯಾಟರಿಯನ್ನೂ ಚಾರ್ಜ್ ಮಾಡುವ ಹೊಣೆ ಆಲ್ಟರ್ನೇಟರಿನದು. ಅದನ್ನು ತಿರುಗಿಸುವುದು ಕ್ರ್ಯಾಂಕ್ ಪುಲ್ಲಿಯಿಂದ ಬರುವ ರಬ್ಬರ್ ಬೆಲ್ಟ್. ಈ ವ್ಯವಸ್ಥೆಯ ಕೊರತೆ ಮೊದಲು ಗೊತ್ತಾಗುವುದು ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ. ಆಗ ಎಂಜಿನ್ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತದೆ. ಚಿಕ್ಕ ಪುಲ್ಲಿಯಿಂದಾಗಿ ಆಲ್ಟರ್ನೇಟರ್ 2–3 ಪಟ್ಟು ವೇಗ ಪಡೆದರೂ ಅದರ ಪೂರ್ಣ ಸಾಮರ್ಥ್ಯ ಸಿಗುವುದಿಲ್ಲ. ಮಳೆಯ ರಾತ್ರಿ ಟ್ರಾಫಿಕ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿದಾಗ ದೀಪ ತುಸು ಮಂಕಾಗುವುದು ಇದರಿಂದಲೇ. ತೀರಾ ಮಂಕಾದರೆ, ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಮಿನುಗಿದರೆ ಮಾತ್ರ ದೋಷವಿದೆಯೆಂದು ಅರ್ಥ.

ಮೊದಲು ನೋಡಬೇಕಾದದ್ದು ಬೆಲ್ಟ್. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಬೆಲ್ಟಿನ ಬಿರುಕು, ಸವೆತ, ಎಣ್ಣೆಯ ಜಿಡ್ಡು, ಗಾಜಿನಂಥ ಹೊಳಪುಗಳನ್ನು ಗಮನಿಸಬೇಕು. ಈಗಿನ ಬೆಲ್ಟುಗಳು ಬಿರುಕು ಬಿಡದೆಯೂ ಸವೆಯುತ್ತವೆ. ಆದ್ದರಿಂದ ಒಳಮೈಯ ಗೆರೆಗಳ ಆಳವನ್ನೂ ನೋಡಬೇಕು. ಕೈಯಿಂದ ಬಿಗಿ ಮಾಡುವ ಹಳೆಯ ಮಾದರಿಯಲ್ಲಿ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟ್ ಸಾಮಾನ್ಯವಾಗಿ ಸುಮಾರು 10 ಮಿ.ಮೀ. ಬಗ್ಗುತ್ತದೆ, ನಿಖರ ಅಳತೆ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಸ್ವಯಂಚಾಲಿತ ಟೆನ್ಶನರ್ ಇದ್ದಲ್ಲಿ ಅದರ ಸ್ಪ್ರಿಂಗ್ ಸೋತಿದೆಯೇ, ಬೇರಿಂಗ್ ಅಲುಗುತ್ತಿದೆಯೇ ಎಂದು ಪರೀಕ್ಷಿಸಬೇಕು.

ಓಡುವ ಬೆಲ್ಟಿನ ಶಬ್ದವೂ ಸುಳಿವು ಕೊಡುತ್ತದೆ. ಮೆಕ್ಯಾನಿಕ್‌ಗಳು ಅದರ ಮೇಲೆ ಒಂದಿಷ್ಟು ನೀರು ಚಿಮುಕಿಸುತ್ತಾರೆ. ಕೀರಲು ಶಬ್ದ ಜೋರಾದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ. ಸ್ವಲ್ಪ ಹೊತ್ತು ನಿಂತು ಮರಳಿದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ಹಾಗೆಂದು ಅತಿಯಾಗಿ ಬಿಗಿ ಮಾಡಿದರೆ ಆಲ್ಟರ್ನೇಟರ್ ಮತ್ತು ವಾಟರ್ ಪಂಪಿನ ಬೇರಿಂಗುಗಳು ಬೇಗ ಹಾಳಾಗುತ್ತವೆ.

ಬೆಲ್ಟ್ ಸರಿಯಿದ್ದರೆ ಮುಂದಿನದು ಮಲ್ಟಿಮೀಟರ್ ಪರೀಕ್ಷೆ. ನಿಂತ ಕಾರಿನಲ್ಲಿ ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ದೀಪ, ಫ್ಯಾನ್ ಹಾಕಿದಾಗ ಐಡ್ಲಿಂಗ್‌ನಲ್ಲಿ 13ಕ್ಕಿಂತ ಕೆಳಗಿಳಿದು, ಆಕ್ಸಿಲರೇಟರ್ ಒತ್ತಿ 2000 ಸುತ್ತಿಗೆ ಏರಿಸಿದಾಗ ಸರಿಹೋದರೆ ಬೆಲ್ಟಿನ ಜಾರುವಿಕೆ, ಐಡ್ಲಿಂಗ್ ವೇಗದ ಇಳಿಕೆ, ಸವೆದ ಕಾರ್ಬನ್ ಬ್ರಷ್ ಅಥವಾ ಕೆಟ್ಟ ಡಯೋಡನ್ನು ಶಂಕಿಸಬಹುದು. ವೇಗ ಹೆಚ್ಚಿಸಿದರೂ ಏರದಿದ್ದರೆ ಫ್ಯೂಸ್, ವೈರಿಂಗ್, ವೋಲ್ಟೇಜ್ ನಿಯಂತ್ರಿಸುವ ರೆಗ್ಯುಲೇಟರ್ ಮತ್ತು ಆಲ್ಟರ್ನೇಟರನ್ನು ಪರೀಕ್ಷಿಸಬೇಕು. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಮೇಲೆಯೇ ಅನುಮಾನ. ಕೆಲವು ಹೊಸ ಕಾರುಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರೇ ವೋಲ್ಟೇಜ್ ಇಳಿಸುವುದುಂಟು. ಅಂಥವನ್ನು ಸ್ಕ್ಯಾನರ್‌ನಿಂದ ನೋಡುವುದು ಸೂಕ್ತ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಿ ಪರೀಕ್ಷಿಸುವ ಹಳೆಯ ರೂಢಿ ಈಗ ಅಪಾಯಕಾರಿ: ಹಠಾತ್ತನೆ ಏರುವ ವೋಲ್ಟೇಜ್ ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನು (ಇ.ಸಿ.ಯು.) ಸುಡಬಹುದು. ಸೆರಗು, ದುಪಟ್ಟಾ, ಸಡಿಲ ತೋಳುಗಳನ್ನು ತಿರುಗುವ ಬೆಲ್ಟಿನಿಂದ ದೂರವಿಡಬೇಕು. ಆಲ್ಟರ್ನೇಟರಿಗೆ ಹೋಲಿಸಿದರೆ ಬೆಲ್ಟಿನ ಬೆಲೆ ಅಲ್ಪ. ಆದ್ದರಿಂದ ಬೆಲ್ಟ್, ಟೆನ್ಶನರ್, ಟರ್ಮಿನಲ್‌ಗಳನ್ನು ನೋಡದೆ ಆಲ್ಟರ್ನೇಟರ್ ಬದಲಿಸಲು ಒಪ್ಪಬಾರದು.