ಅಮೆರಿಕದಲ್ಲಿ ಬಾಡಿಗೆ ಕಾರು: ಪೆಟ್ರೋಲ್ ಲೆಕ್ಕದ ತಪ್ಪು ಕಲ್ಪನೆಗಳು

ಮಕ್ಕಳನ್ನು ನೋಡಲೆಂದು ಅಮೆರಿಕಕ್ಕೆ ಹೋದವರು ಕಾರು ಬಾಡಿಗೆಗೆ ಹಿಡಿದು ನಯಾಗರಕ್ಕೋ ಗ್ರ್ಯಾಂಡ್ ಕ್ಯಾನ್ಯನ್‌ಗೋ ಹೊರಡುವುದು ಈಗ ಮಾಮೂಲು. ಹೊರಡುವ ಮುನ್ನ ವಾಟ್ಸ್ಯಾಪ್ ಗುಂಪಿನಲ್ಲಿ ಸಲಹೆಗಳ ಸುರಿಮಳೆ. ಪೆಟ್ರೋಲ್ ವಿಷಯದಲ್ಲಿ ಆ ಸಲಹೆಗಳನ್ನು ಕಣ್ಣುಮುಚ್ಚಿ ನಂಬಿದರೆ ಕೈ ಸುಡುತ್ತದೆ.

“ಪೆಟ್ರೋಲಿಗೆ ಮೊದಲೇ ದುಡ್ಡು ಕಟ್ಟಿಬಿಟ್ಟರೆ ಅಗ್ಗ, ತಲೆನೋವೂ ಇಲ್ಲ”

ಕೌಂಟರಿನಲ್ಲೂ ಇದನ್ನೇ ಹೇಳುತ್ತಾರೆ. ತೋರಿಸುವ ದರವೂ ಎಷ್ಟೋ ಸಲ ಹೊರಗಿನ ಬಂಕಿನ ಆಸುಪಾಸಿನಲ್ಲೇ ಇರುತ್ತದೆ. ಆದರೆ ನೀವು ಕೊಳ್ಳುತ್ತಿರುವುದು ಪೂರ್ತಿ ಟ್ಯಾಂಕ್. ಉಳಿಸಿ ತಂದ ಪೆಟ್ರೋಲಿಗೆ ಸಾಮಾನ್ಯವಾಗಿ ಒಂದು ಸೆಂಟೂ ವಾಪಸ್ಸಿಲ್ಲ. 15 ಗ್ಯಾಲನ್ ಟ್ಯಾಂಕು, ಗ್ಯಾಲನ್ನಿಗೆ 3.50 ಡಾಲರ್ ಎಂದಿಟ್ಟುಕೊಳ್ಳಿ. ಕಟ್ಟಿದ್ದು 52.50 ಡಾಲರ್. ಅರ್ಧ ಟ್ಯಾಂಕ್ ಇರುವಾಗಲೇ ಕಾರು ಒಪ್ಪಿಸಿದರೆ, ಬಳಸಿದ ಪೆಟ್ರೋಲು ನಿಮಗೆ ಗ್ಯಾಲನ್ನಿಗೆ 7 ಡಾಲರ್ ಬಿತ್ತು. ಗಿಟ್ಟಬೇಕೆಂದರೆ ಟ್ಯಾಂಕ್ ಒಣಗಿಸಿಕೊಂಡೇ ಬರಬೇಕು. ಗೊತ್ತಿಲ್ಲದ ಹೈವೇಯಲ್ಲಿ, ವಿಮಾನ ಹಿಡಿಯುವ ಅವಸರದಲ್ಲಿ, ಆ ಧೈರ್ಯ ಯಾರಿಗಿದೆ?

ಹಾಗಂತ ಏನೂ ತುಂಬಿಸದೆ ಕೊಟ್ಟುಬಿಟ್ಟರೆ ಇನ್ನೂ ಕಷ್ಟ. ಕಂಪನಿಯೇ ತುಂಬಿಸಿಕೊಂಡು ಬಂಕಿನ ದರಕ್ಕಿಂತ ಬಹಳ ಹೆಚ್ಚು ವಸೂಲಿ ಮಾಡುತ್ತದೆ. ತುಂಬಿದ ಟ್ಯಾಂಕ್ ಪಡೆದು, ತುಂಬಿಸಿಯೇ ಹಿಂದಿರುಗಿಸುವ ಕರಾರೇ ಹೆಚ್ಚಿನವರಿಗೆ ಸರಿ.

“ಕಾರ್ಡ್ ಇದ್ದರೆ ಪಂಪಿನಲ್ಲೇ ಕೆಲಸ ಮುಗಿಯಿತು”

ನಮ್ಮ ಬ್ಯಾಂಕಿನ ಕಾರ್ಡಾದರೆ ಅಷ್ಟು ಸಲೀಸಲ್ಲ. ಪಂಪು ಕೇಳುವುದು 5 ಅಂಕಿಯ ಜಿಪ್ ಕೋಡ್. ನಮ್ಮದು 6 ಅಂಕಿಯ ಪಿನ್‌ಕೋಡ್. ಅಲ್ಲೇ ನಿಂತು ಒದ್ದಾಡಬೇಡಿ. ಪಂಪಿನ ನಂಬರ್ ನೋಡಿಕೊಂಡು ಅಂಗಡಿಯೊಳಗೆ ಹೋಗಿ, “ಪಂಪ್ ನಂಬರ್ 4, 40 ಡಾಲರ್” ಎಂದು ಹೇಳಿ ಹಣ ಕೊಡಿ. ಆಮೇಲಷ್ಟೇ ನಾಝಲ್ ಕೆಲಸ ಮಾಡುತ್ತದೆ. 31 ಡಾಲರಿಗೇ ಟ್ಯಾಂಕ್ ತುಂಬಿದರೆ ಮತ್ತೆ ಒಳಗೆ ಹೋಗಿ 9 ಡಾಲರ್ ಇಸಿದುಕೊಳ್ಳಿ, ಸಂಕೋಚ ಬೇಡ. ಎಷ್ಟೋ ಬಂಕುಗಳಲ್ಲಿ ನಗದಿಗೆ ಒಂದು ದರ, ಕಾರ್ಡಿಗೆ ಇನ್ನೊಂದು. ಅಲ್ಲೆಲ್ಲ ನಗದೇ ಅಗ್ಗ.

ಪಂಪಿನಲ್ಲೇ ಕಾರ್ಡ್ ಒಪ್ಪಿತೆನ್ನಿ, ಆಗ ಬೇರೆ ಫಜೀತಿ. ಎಷ್ಟು ತುಂಬುತ್ತೀರೆಂದು ಯಂತ್ರಕ್ಕೆ ಮೊದಲೇ ತಿಳಿಯದು. ಹಾಗಾಗಿ ಅದು 175 ಡಾಲರ್‌ವರೆಗೂ ತಡೆಹಿಡಿಯಬಹುದು. ಕ್ರೆಡಿಟ್ ಕಾರ್ಡಿನವರಿಗೆ ಇದು ಗೊತ್ತೂ ಆಗುವುದಿಲ್ಲ. ಲೆಕ್ಕ ಹಾಕಿ ಫಾರೆಕ್ಸ್ ಕಾರ್ಡಿಗೆ ಡಾಲರ್ ತುಂಬಿಸಿಕೊಂಡು ಹೋದವರಿಗೆ ಮಾತ್ರ ಆ ಹಣ ಕೆಲವು ದಿನ ಕೈಗೆ ಸಿಗುವುದಿಲ್ಲ. ಬಂಕಿಗೂ ಬಾಡಿಗೆ ಕಾರಿನ ಡಿಪಾಸಿಟ್ಟಿಗೂ ಫಾರೆಕ್ಸ್ ಕಾರ್ಡ್ ಬಳಸಲೇಬೇಡಿ.

“87 ಅಂದರೆ ಕಳಪೆ, 93 ಹಾಕಿಸಿದರೆ ಮೈಲೇಜ್ ಜಾಸ್ತಿ”

ಅಮೆರಿಕದಲ್ಲಿ ಆಕ್ಟೇನ್ ಅಳೆಯುವ ರೀತಿಯೇ ಬೇರೆ. ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಪಂಪಿನ ಮೇಲೆ ಬರೆಯುತ್ತಾರೆ. ನಾವು ಬರೆಯುವುದು ಒಂದೇ ಪರೀಕ್ಷೆಯ ಅಂಕಿ. ಅಲ್ಲಿನ 87, ನಮ್ಮಲ್ಲಿ ಬಹುಕಾಲ ಮಾರಿದ 91ರ ಸಾದಾ ಪೆಟ್ರೋಲಿಗೆ ಹೆಚ್ಚುಕಡಿಮೆ ಸಮ. ಟ್ಯಾಂಕಿನ ಮುಚ್ಚಳದ ಬಳಿ ಪ್ರೀಮಿಯಂ ಬೇಕೆಂದು ಬರೆದಿಲ್ಲವಾದರೆ 93 ಹಾಕಿಸುವುದು ದಂಡ.

“ಹಸಿರು ನಾಝಲ್ ಅಂದರೆ ಪೆಟ್ರೋಲ್”

ಯುರೋಪಿನ ರೂಢಿ ಕಂಡವರು ಹೀಗೆನ್ನುತ್ತಾರೆ. ಅಮೆರಿಕದ ಬಹಳಷ್ಟು ಬಂಕುಗಳಲ್ಲಿ ಹಸಿರು ಡೀಸೆಲ್ಲಿಗೆ, ಕೆಲವು ಕಡೆ ಪೆಟ್ರೋಲಿಗೂ. ಬಣ್ಣ ಬಿಡಿ, ಅಕ್ಷರ ಓದಿ. ತಪ್ಪು ಇಂಧನದಿಂದ ಎಂಜಿನ್ ಕೆಟ್ಟರೆ ಬಾಡಿಗೆಯ ಜೊತೆ ಕೊಂಡ ಇನ್ಶೂರೆನ್ಸ್ ಸಾಮಾನ್ಯವಾಗಿ ನೆರವಿಗೆ ಬರುವುದಿಲ್ಲ.

“ಅಮೆರಿಕದಲ್ಲೆಲ್ಲ ನಾವೇ ಇಳಿದು ತುಂಬಿಸಿಕೊಳ್ಳಬೇಕು”

ಕನ್ನಡಿಗರೂ ಸಾಕಷ್ಟಿರುವ ನ್ಯೂಜೆರ್ಸಿಯಲ್ಲಿ ಹಾಗಿಲ್ಲ. 1949ರ ಕಾನೂನಿನಂತೆ ಅಲ್ಲಿ ಗ್ರಾಹಕರು ನಾಝಲ್ ಮುಟ್ಟುವಂತಿಲ್ಲ. ನಮ್ಮೂರಿನ ಹಾಗೆ ಕಾರಿನಲ್ಲೇ ಕೂತಿರಿ, ಸಿಬ್ಬಂದಿ ಬಂದು ತುಂಬಿಸುತ್ತಾರೆ.

“ಮುಳ್ಳು ಫುಲ್ ತೋರಿಸಿದರೆ ಸಾಕು, ರಸೀದಿ ಯಾಕೆ?”

ಟ್ಯಾಂಕ್ ತುಂಬಿಸಿ ಹಲವು ಮೈಲಿ ಓಡಿದರೂ ಮುಳ್ಳು ಫುಲ್‌ನಲ್ಲೇ ನಿಂತಿರುತ್ತದೆ, ಇದು ಕಂಪನಿಯವರಿಗೂ ಗೊತ್ತು. ಆದ್ದರಿಂದ ವಿಮಾನ ನಿಲ್ದಾಣಕ್ಕೆ ಕೆಲವೇ ಮೈಲಿ ಇರುವಾಗ ತುಂಬಿಸಿ, ರಸೀದಿ ಇಟ್ಟುಕೊಳ್ಳಿ. ಗೇಟಿಗೆ ಅಂಟಿಕೊಂಡಿರುವ ಬಂಕಿನಲ್ಲಿ ಬೇಡ, ಅಲ್ಲಿ ದರ ಏರಿಸಿರುತ್ತಾರೆ. ಕೀಲಿ ಒಪ್ಪಿಸುವ ಮೊದಲು ಮುಳ್ಳು ಮತ್ತು ಓಡೋಮೀಟರ್ ಎರಡೂ ಕಾಣುವಂತೆ ಒಂದು ಫೋಟೊ ತೆಗೆದುಕೊಳ್ಳಿ, ಕಾರ್ಡಿನ ಕೊನೆಯ ಬಿಲ್ ಬರುವವರೆಗೆ ಅದನ್ನು ಅಳಿಸಬೇಡಿ.