ಲೈಕ್ ಬಂದರೆ ಸಾಲದು: ಫೋಟೋಗ್ರಫಿ ಕಲಿಯುವವರು ಅಭ್ಯಾಸ ಮಾಡುವುದು ಹೇಗೆ, ಅಭಿಪ್ರಾಯ ಕೇಳುವುದು ಯಾರನ್ನು?

ಹೊಸ ಕ್ಯಾಮೆರಾ ಅಥವಾ ಒಳ್ಳೆಯ ಕ್ಯಾಮೆರಾ ಇರುವ ಮೊಬೈಲ್ ಕೈಗೆ ಬಂದ ಮೊದಲ ತಿಂಗಳು ಕಂಡದ್ದನ್ನೆಲ್ಲ ಕ್ಲಿಕ್ಕಿಸುವ ಉತ್ಸಾಹ ಇರುತ್ತದೆ. ಆರು ತಿಂಗಳ ಹೊತ್ತಿಗೆ ಗ್ಯಾಲರಿಯಲ್ಲಿ ಸಾವಿರಾರು ಚಿತ್ರಗಳು ತುಂಬಿರುತ್ತವೆ. ಆದರೆ ಮೊದಲ ವಾರದ ಫೋಟೋಗೂ ಈ ವಾರದ ಫೋಟೋಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಇಲ್ಲಿಗೆ ಬಂದವರಲ್ಲಿ ಕೆಲವರು ಇನ್ನೂ ದುಬಾರಿ ಕ್ಯಾಮೆರಾ ಹುಡುಕುತ್ತಾರೆ, ಕೆಲವರು 'ಇದು ನಮಗಲ್ಲ' ಎಂದು ಕೈಬಿಡುತ್ತಾರೆ.

ಹವ್ಯಾಸ ಬಿಟ್ಟುಹೋದರೆ ನಷ್ಟವೇನು ಎಂದು ಕೇಳಬಹುದು. ಮುಂಬೈ, ಪುಣೆ, ಚೆನ್ನೈ, ದೆಹಲಿಯಲ್ಲಿ ನೆಲೆಸಿರುವ ಕುಟುಂಬಗಳಿಗೆ ಇದರ ಉತ್ತರ ಗೊತ್ತು. ಊರಿನಿಂದ ಅಜ್ಜಿ ಬಂದು ಹೋದ ನಾಲ್ಕು ದಿನ, ಮಗಳ ಮೊದಲ ವೇದಿಕೆ ಕಾರ್ಯಕ್ರಮ, ತಮ್ಮನ ಮದುವೆಯ ಧಾರೆ, ಇವೆಲ್ಲ ಎರಡನೇ ಬಾರಿ ಸಿಗುವುದಿಲ್ಲ. ಅಂಥ ಕ್ಷಣದ ಚಿತ್ರ ಮಸುಕಾಗಿ ಬಂದರೆ ಯಾವ ಆ್ಯಪ್ ಕೂಡ ಅದನ್ನು ಪೂರ್ತಿ ಸರಿಪಡಿಸಲಾರದು. ಮತ್ತೆ ತೆಗೆಯಲು ಸಿಗದ ಚಿತ್ರಕ್ಕೆ ಕೈ ಸಿದ್ಧವಾಗಬೇಕಾದರೆ, ಮತ್ತೆ ಮತ್ತೆ ತೆಗೆಯಬಹುದಾದ ಚಿತ್ರಗಳಲ್ಲಿ ಅಭ್ಯಾಸ ಮಾಡಿರಬೇಕು. ಆ ಅಭ್ಯಾಸ ಸರಿದಾರಿಯಲ್ಲಿದೆಯೇ ಎಂದು ತಿಳಿಯಲು ಇನ್ನೊಬ್ಬರ ಕಣ್ಣು ಬೇಕು.

ಹೊಗಳಿಕೆಯಿಂದ ಫೋಟೋ ಯಾಕೆ ಸುಧಾರಿಸುವುದಿಲ್ಲ?

ಫ್ಯಾಮಿಲಿ ಗ್ರೂಪ್‌ನಲ್ಲಿ ಫೋಟೋ ಹಾಕಿದರೆ 'ಸೂಪರ್', 'ಚೆನ್ನಾಗಿದೆ' ಎಂಬ ಉತ್ತರಗಳು ಬರುತ್ತವೆ. ಅದರಿಂದ ಖುಷಿಯಾಗುತ್ತದೆ, ಮುಂದುವರಿಯುವ ಹುಮ್ಮಸ್ಸೂ ಬರುತ್ತದೆ. ಆದರೆ ಯಾವುದು ಚೆನ್ನಾಗಿದೆ, ಯಾಕೆ ಚೆನ್ನಾಗಿದೆ ಎಂಬುದು ಅದರಲ್ಲಿ ಇರುವುದಿಲ್ಲ. 'ಸರಿಯಾಗಿಲ್ಲ' ಎನ್ನುವ ಟೀಕೆಯ ಕಥೆಯೂ ಅಷ್ಟೇ. ಮುಂದಿನ ಬಾರಿ ಏನು ಬದಲಿಸಬೇಕು ಎಂದು ತಿಳಿಸುವ ಅಭಿಪ್ರಾಯವೇ ಕಲಿಯುವವರಿಗೆ ಬೇಕಾದದ್ದು.

ಒಂದು ಉದಾಹರಣೆ ನೋಡೋಣ. ಮುಂಬೈನ ದಾದರ್ ಹೂವಿನ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಹೂ ಮಾರುವ ಮಹಿಳೆಯ ಫೋಟೋವನ್ನು ಹೊಸಬರೊಬ್ಬರು ತೆಗೆಯುತ್ತಾರೆ ಎಂದುಕೊಳ್ಳಿ. ಮಹಿಳೆಯ ಮುಂದೆ ಚೆಂಡುಹೂವಿನ ರಾಶಿ, ತಲೆಯ ಹಿಂದೆ ಉರಿಯುತ್ತಿರುವ ಬಲ್ಬ್. ಬಲ್ಬಿನ ಬೆಳಕಿಗೆ ಹೊಂದಿಕೊಂಡ ಮೊಬೈಲ್ ಇಡೀ ಚಿತ್ರವನ್ನು ಮಬ್ಬಾಗಿಸುತ್ತದೆ, ಮುಖ ಕಪ್ಪಾಗುತ್ತದೆ.

ಈ ಫೋಟೋಗೆ ಮೂರು ಪ್ರತಿಕ್ರಿಯೆ ಬಂದವು ಎನ್ನೋಣ. ಮೊದಲನೆಯದು 'ಸೂಪರ್'. ಎರಡನೆಯದು 'ಡಾರ್ಕ್ ಆಗಿದೆ'. ಮೂರನೆಯದು, 'ನನ್ನ ಕಣ್ಣು ಮೊದಲು ಹೋಗಿದ್ದು ಹಿಂದಿನ ಬಲ್ಬಿಗೆ, ಮುಖ ಆಮೇಲೆ ಕಂಡಿತು'.

ಮೊದಲ ಮಾತಿನಿಂದ ಮಾಡುವುದಕ್ಕೆ ಏನೂ ಸಿಗುವುದಿಲ್ಲ. ಎರಡನೆಯದನ್ನು ಕೇಳಿದವರು ಎಡಿಟ್ ಮಾಡಿ ಬ್ರೈಟ್‌ನೆಸ್ ಏರಿಸುತ್ತಾರೆ, ಆಗ ಕತ್ತಲಿದ್ದ ಜಾಗದಲ್ಲೆಲ್ಲ ರವೆಯಂಥ ಚುಕ್ಕೆಗಳು ಏಳುತ್ತವೆ. ಮೂರನೆಯದು ಮಾತ್ರ ಕಾರಣವನ್ನು ಹಿಡಿದಿದೆ. ತೊಂದರೆ ಇರುವುದು ನಿಂತ ಜಾಗದಲ್ಲಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಬಲ್ಬ್ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ, ಅದೇ ಬಲ್ಬಿನ ಬೆಳಕು ಕೆನ್ನೆಯ ಮೇಲೆ ಬೀಳುತ್ತದೆ.

ಮುಂದಿನ ಭಾನುವಾರ ಅದೇ ಮಾರುಕಟ್ಟೆಗೆ ಹೋಗಿ ಹಾಗೆಯೇ ತೆಗೆದರೆ ಮುಖ ಸ್ಪಷ್ಟವಾಗುತ್ತದೆ. ಆದರೆ ಈ ಬಾರಿ ದಾರಿಹೋಕರೊಬ್ಬರ ಚೀಲ ಅಂಚಿನಲ್ಲಿ ಅರ್ಧ ಕಾಣಿಸಿಕೊಂಡಿರಬಹುದು. ಅದು ಮೂರನೇ ಭಾನುವಾರದ ಪಾಠ. ಒಂದು ಅಭಿಪ್ರಾಯ, ಒಂದು ಬದಲಾವಣೆ, ಮತ್ತೊಂದು ಫೋಟೋ. ಕಲಿಕೆ ನಡೆಯುವುದು ಹೀಗೆ.

ಮಸುಕಾದ ಫೋಟೋ: ಮೂರು ಕಾರಣ, ಮೂರು ಮದ್ದು

ಹೊಸಬರ ದೂರುಗಳಲ್ಲಿ ಮುಖ್ಯವಾದದ್ದು 'ಫೋಟೋ ಬ್ಲರ್ ಆಗುತ್ತದೆ' ಎಂಬುದು. ಬ್ಲರ್‌ನಲ್ಲಿ ಮೂರು ಬಗೆಯಿದೆ. ಯಾವ ಬಗೆಯೆಂದು ಗೊತ್ತಾಗದೆ ಸಲಹೆ ಕೊಟ್ಟರೂ ಪ್ರಯೋಜನವಿಲ್ಲ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಗುರುತು ಸಿಗುತ್ತದೆ.

ಒಂದು, ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಅಲುಗಿದ್ದು ಕೈ. ಮೊಣಕೈಯನ್ನು ದೇಹಕ್ಕೆ ಒತ್ತಿ ಹಿಡಿಯಬೇಕು ಅಥವಾ ಗೋಡೆಗೆ ಒರಗಬೇಕು. ಕ್ಯಾಮೆರಾ ಬಳಸುವವರಿಗೆ ಹಳೆಯ ಲೆಕ್ಕವೊಂದಿದೆ. ಲೆನ್ಸ್ 50 ಎಂಎಂ ಆಗಿದ್ದರೆ ಶಟರ್ ವೇಗ ಸೆಕೆಂಡಿನ 1/50ಕ್ಕಿಂತ, 200 ಎಂಎಂ ಆಗಿದ್ದರೆ 1/200ಕ್ಕಿಂತ ನಿಧಾನವಾಗಬಾರದು. ಸ್ಟೆಬಿಲೈಸೇಶನ್ ಇರುವ ಲೆನ್ಸ್‌ಗಳಲ್ಲಿ ಇನ್ನೂ ಸ್ವಲ್ಪ ನಿಧಾನಕ್ಕೆ ಹೋಗಬಹುದು.

ಎರಡು, ಹಿನ್ನೆಲೆ ಸ್ಪಷ್ಟವಾಗಿದ್ದು ವ್ಯಕ್ತಿ ಮಾತ್ರ ಮಸುಕಾಗಿದ್ದರೆ ಅಲುಗಿದ್ದು ವ್ಯಕ್ತಿ. ಇಲ್ಲಿ ಕೈ ಎಷ್ಟು ಗಟ್ಟಿಯಾಗಿದ್ದರೂ ಉಪಯೋಗವಿಲ್ಲ, ಶಟರ್ ವೇಗವನ್ನೇ ಹೆಚ್ಚಿಸಬೇಕು. ನಡೆಯುವವರಿಗೆ ಸುಮಾರು 1/250, ಓಡುವ ಮಕ್ಕಳಿಗೆ ಅಥವಾ ಗಿರಕಿ ಹೊಡೆಯುವ ಯಕ್ಷಗಾನದ ವೇಷಕ್ಕೆ 1/500 ಅಥವಾ ಇನ್ನೂ ಹೆಚ್ಚು ಬೇಕಾಗುತ್ತದೆ.

ಮೂರು, ಮುಖ ಮಸುಕಾಗಿದ್ದು ಹಿಂದಿನ ಗೋಡೆ ಅಥವಾ ಮುಂದಿನ ಹೂಕುಂಡ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ ಎಂದರ್ಥ. ಮೊಬೈಲ್‌ನಲ್ಲಿ ಪರದೆಯ ಮೇಲೆ ಮುಖವನ್ನು ಮುಟ್ಟಿ ಫೋಕಸ್ ಕೊಡಬೇಕು. ಹಲವು ಫೋನ್‌ಗಳಲ್ಲಿ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕಿನ ಅಳತೆ ಲಾಕ್ ಆಗುತ್ತವೆ. ಪಕ್ಕದಲ್ಲಿ ಕಾಣುವ ಸೂರ್ಯನ ಚಿಹ್ನೆಯನ್ನು ಮೇಲೆ ಕೆಳಗೆ ಸರಿಸಿ ಬೆಳಕನ್ನು ಹೆಚ್ಚು ಕಡಿಮೆ ಮಾಡಬಹುದು.

ಯಾರನ್ನು ಕೇಳಬೇಕು?

ಇಬ್ಬರನ್ನು ಕೇಳುವುದು ಒಳ್ಳೆಯದು. ಒಬ್ಬರು ಕ್ಯಾಮೆರಾ ಬಲ್ಲವರಾಗಿರಲಿ, ಇನ್ನೊಬ್ಬರು ಏನೂ ಗೊತ್ತಿಲ್ಲದವರಾಗಿರಲಿ.

ಕ್ಯಾಮೆರಾ ಗೊತ್ತಿಲ್ಲದವರಿಗೆ ವಿವರಣೆ ಕೊಡದೆ ಫೋಟೋ ತೋರಿಸಿ, 'ಇದರಲ್ಲಿ ಏನು ಕಾಣ್ತಿದೆ?' ಎಂದಷ್ಟೇ ಕೇಳಬೇಕು. ಅಮ್ಮ 'ಯಾರೋ ಬಲ್ಬ್ ಹಾಕಿದಾರೆ' ಎಂದರೆ ಚಿತ್ರ ಹೇಳಬೇಕಾದದ್ದನ್ನು ಹೇಳಿಲ್ಲ ಎಂದಾಯಿತು. ಅದು ಯಾಕೆ ಹಾಗಾಯಿತು ಎನ್ನುವುದನ್ನು ಕ್ಯಾಮೆರಾ ಬಲ್ಲವರು ವಿವರಿಸುತ್ತಾರೆ. ಮೊದಲನೆಯವರು ತೊಂದರೆ ಇದೆಯೆಂದು ತಿಳಿಸುತ್ತಾರೆ, ಎರಡನೆಯವರು ಅದರ ಕಾರಣ ಹುಡುಕಿಕೊಡುತ್ತಾರೆ.

ಭಾರತದಲ್ಲಿ ಹೀಗೆ ಒಬ್ಬರ ಚಿತ್ರವನ್ನು ಮತ್ತೊಬ್ಬರು ನೋಡಿ ಚರ್ಚಿಸುವ ಪರಿಪಾಠ ಹಳೆಯದು. ಛಾಯಾಗ್ರಹಣ ಜಗತ್ತಿಗೆ ಪರಿಚಯವಾಗಿದ್ದು 1839ರಲ್ಲಿ. 1850ರ ದಶಕದಲ್ಲೇ ಬಾಂಬೆ, ಕಲ್ಕತ್ತ, ಮದ್ರಾಸ್‌ಗಳಲ್ಲಿ ಛಾಯಾಗ್ರಾಹಕರ ಸಂಘಗಳು ಹುಟ್ಟಿಕೊಂಡವು, ಬಾಂಬೆಯ ಸಂಘ ಶುರುವಾಗಿದ್ದು 1854ರಲ್ಲಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಆರಂಭವಾಯಿತು. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ತಮ್ಮ ಚಿತ್ರಗಳಿಗೆ ಹೆಸರಾದಂತೆಯೇ ಕಿರಿಯರಿಗೆ ಕಲಿಸಿದ್ದಕ್ಕೂ ಹೆಸರಾದವರು.

ದೇಶದ ಹೆಸರಾಂತ ಛಾಯಾಗ್ರಾಹಕ ರಘು ರಾಯ್ ಅವರ ಆರಂಭದ ಕಥೆಯೂ ಇಲ್ಲಿ ನೆನೆಯುವಂಥದ್ದು. ಸಿವಿಲ್ ಎಂಜಿನಿಯರಿಂಗ್ ಕಲಿತಿದ್ದ ಅವರು 1960ರ ದಶಕದಲ್ಲಿ ಹಳ್ಳಿಯೊಂದರಲ್ಲಿ ಕತ್ತೆಮರಿಯ ಫೋಟೋ ತೆಗೆದರು. ಅವರ ಅಣ್ಣ ಎಸ್. ಪಾಲ್ ಆಗಲೇ ಛಾಯಾಗ್ರಾಹಕರಾಗಿದ್ದರು. ಚಿತ್ರವನ್ನು ಮೆಚ್ಚಿ ಲಂಡನ್‌ನ ದಿ ಟೈಮ್ಸ್ ಪತ್ರಿಕೆಗೆ ಕಳುಹಿಸಿದ್ದು ಅವರೇ. ಅದು ಪ್ರಕಟವಾಯಿತು. ಹೊಸಬರಿಗೆ ತಮ್ಮ ತಪ್ಪು ಕಾಣದಿರುವಂತೆ ಕೆಲವೊಮ್ಮೆ ತಮ್ಮ ಒಳ್ಳೆಯ ಚಿತ್ರವೂ ಕಾಣದೇ ಇರಬಹುದು. ಅದನ್ನು ಗುರುತಿಸಲೂ ಇನ್ನೊಬ್ಬರ ಕಣ್ಣು ಬೇಕಾಗುತ್ತದೆ.

ಹೇಗೆ ಕೇಳಬೇಕು?

'ಹೇಗಿದೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರವೇ ಬರುತ್ತದೆ. ಅದರ ಬದಲು ಈ ಮೂರು ಪ್ರಶ್ನೆ ಕೇಳಿ ನೋಡಿ:

• ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?
• ಈ ಚಿತ್ರದಲ್ಲಿ ಯಾವುದು ಇಲ್ಲದಿದ್ದರೂ ನಡೆಯುತ್ತಿತ್ತು?
• ಇದನ್ನೇ ಮತ್ತೆ ತೆಗೆಯುವುದಾದರೆ ಒಂದೇ ಒಂದು ಬದಲಾವಣೆ ಏನು ಮಾಡಬೇಕು?

ಒಮ್ಮೆಗೆ ಇಪ್ಪತ್ತು ಫೋಟೋ ಕಳುಹಿಸಬೇಡಿ, ಒಂದನ್ನೇ ಕಳುಹಿಸಿ. ಇಪ್ಪತ್ತರಲ್ಲಿ ಯಾವ ಒಂದು ಎಂದು ಆರಿಸುವುದೇ ಅರ್ಧ ಕಲಿಕೆ. ಏನು ತೋರಿಸಲು ಪ್ರಯತ್ನಿಸಿದಿರಿ ಎಂಬುದನ್ನು ಕ್ಯಾಮೆರಾ ಬಲ್ಲವರಿಗೆ ಒಂದು ಸಾಲಿನಲ್ಲಿ ತಿಳಿಸಿದರೆ ಅವರಿಗೂ ಹೇಳುವುದು ಸುಲಭ.

ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳುಹಿಸಿದರೆ ಗಾತ್ರ ಕುಗ್ಗುತ್ತದೆ, ಶಟರ್ ವೇಗ, ಐಎಸ್‌ಒ ಮುಂತಾದ ವಿವರಗಳು ಅಳಿಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಇವು ಉಳಿಯುತ್ತವೆ, ನೋಡುವವರಿಗೆ ಕಾರಣ ಪತ್ತೆ ಮಾಡುವುದು ಸುಲಭವಾಗುತ್ತದೆ. ಆದರೆ ಫೋನ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ತೆಗೆದ ಜಾಗದ ಮಾಹಿತಿಯೂ ಜೊತೆಗೆ ಹೋಗಬಹುದು. ಮನೆಯಲ್ಲಿ ತೆಗೆದ ಚಿತ್ರವನ್ನು ಅಪರಿಚಿತರಿಗೆ ಕಳುಹಿಸುವ ಮುನ್ನ ಇದನ್ನು ಆಫ್ ಮಾಡಿ ತೆಗೆದಿದ್ದೀರಾ ಎಂದು ನೋಡಿಕೊಳ್ಳಿ.

ಇಬ್ಬರು ಎರಡು ರೀತಿ ಹೇಳಿದರೆ?

ಇದು ಆಗುವಂಥದ್ದೇ. ಒಬ್ಬರು 'ಇನ್ನೂ ಹತ್ತಿರ ಹೋಗಬೇಕಿತ್ತು' ಎಂದರೆ ಮತ್ತೊಬ್ಬರು 'ಸುತ್ತಲಿನ ಮಾರುಕಟ್ಟೆಯೂ ಕಾಣಬೇಕಿತ್ತು' ಎನ್ನಬಹುದು. ಫೋಕಸ್ ತಪ್ಪಿದ್ದು, ಮುಖ ಕಪ್ಪಾಗಿದ್ದು ತಪ್ಪುಗಳು. ಅದರ ಬಗ್ಗೆ ಬಲ್ಲವರಲ್ಲಿ ಹೆಚ್ಚು ಭಿನ್ನಾಭಿಪ್ರಾಯ ಇರುವುದಿಲ್ಲ. ಹತ್ತಿರವೋ ದೂರವೋ, ಬಣ್ಣವೋ ಕಪ್ಪು ಬಿಳುಪೋ ಎಂಬುದು ಅಭಿರುಚಿ. ತಪ್ಪನ್ನು ತಿದ್ದಿಕೊಳ್ಳಬೇಕು. ಅಭಿರುಚಿಯ ವಿಷಯದಲ್ಲಿ ಎರಡೂ ರೀತಿ ತೆಗೆದು ನೋಡಿ, ತಮಗೆ ಬೇಕಾದದ್ದನ್ನು ತಾವೇ ಆರಿಸಿಕೊಳ್ಳಬೇಕು. ಎಲ್ಲರ ಮಾತನ್ನೂ ಪಾಲಿಸಹೊರಟರೆ ಚಿತ್ರ ಯಾರದೂ ಆಗಿ ಉಳಿಯುವುದಿಲ್ಲ.

ಒಂದು ತಿಂಗಳ ಅಭ್ಯಾಸ ಹೀಗಿರಲಿ

ಮೊದಲ ವಾರ: ಮನೆಯ ಕಿಟಕಿ ಪಕ್ಕ ಒಂದು ಸ್ಟೀಲ್ ಲೋಟ ಇಟ್ಟು ಬೆಳಗ್ಗೆ, ಮಧ್ಯಾಹ್ನ, ಸಂಜೆ ತೆಗೆಯಿರಿ. ವಸ್ತು ಅದೇ ಆದ್ದರಿಂದ ಬೆಳಕು ಎಷ್ಟು ಬದಲಾಗುತ್ತದೆ ಎಂಬುದು ಎದ್ದು ಕಾಣುತ್ತದೆ.

ಎರಡನೇ ವಾರ: ಚಲನೆ. ಬೀದಿಯಲ್ಲಿ ಹೋಗುವ ಸೈಕಲ್, ಪಾರ್ಕಿನಲ್ಲಿ ಆಡುವ ನಿಮ್ಮದೇ ಮಕ್ಕಳು.

ಮೂರನೇ ವಾರ: ಹಿನ್ನೆಲೆ. ಒಬ್ಬರನ್ನೇ ಐದು ಜಾಗದಲ್ಲಿ ನಿಲ್ಲಿಸಿ. ತಲೆಯಿಂದ ಕಂಬ ಮೊಳೆತಂತೆ ಕಾಣುವುದು ಎಲ್ಲಿ, ಮುಖ ಬಿಡಿಸಿ ಕಾಣುವುದು ಎಲ್ಲಿ ಎಂದು ಹೋಲಿಸಿ.

ನಾಲ್ಕನೇ ವಾರ: ಅಪರಿಚಿತರು. ಮಾರುಕಟ್ಟೆಯಲ್ಲಿ ಮೊದಲು ಮಾತನಾಡಿಸಿ, ಒಪ್ಪಿಗೆ ಕೇಳಿ, ಬೇಡ ಎಂದರೆ ಬಿಡಿ. ತೆಗೆದ ಫೋಟೋ ಅವರಿಗೂ ತೋರಿಸಿ. ಅವರ ಮುಖದ ಪ್ರತಿಕ್ರಿಯೆಯೂ ಒಂದು ಅಭಿಪ್ರಾಯವೇ.

ಪ್ರತಿ ವಾರ ಒಂದು ಫೋಟೋ ತೋರಿಸಿ, ಬಂದ ಸಲಹೆಯನ್ನು ಒಂದು ಸಾಲು ಬರೆದಿಟ್ಟುಕೊಳ್ಳಿ. ಅದೇ ಚಿತ್ರವನ್ನು ಮತ್ತೆ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಹೊಸ ಲೆನ್ಸ್ ಯಾವಾಗ ಕೊಳ್ಳಬೇಕು?

ಸಲಹೆಗಳ ಪಟ್ಟಿ ಇದಕ್ಕೂ ಉತ್ತರ ಕೊಡುತ್ತದೆ. ನಿಂತ ಜಾಗ, ಹಿನ್ನೆಲೆ, ಫೋಕಸ್ ಬಗ್ಗೆಯೇ ದೂರುಗಳಿದ್ದರೆ ಹೊಸ ಲೆನ್ಸ್‌ನಿಂದ ಅವು ಹೋಗುವುದಿಲ್ಲ. ಅವೆಲ್ಲ ಸರಿಯಾದ ಮೇಲೂ ಕನ್ನಡ ಸಂಘದ ರಾಜ್ಯೋತ್ಸವದ ವೇದಿಕೆಯಂಥ ಕಡಿಮೆ ಬೆಳಕಿನಲ್ಲಿ ಮಾತ್ರ ಚಿತ್ರ ಮಸುಕಾಗುತ್ತಿದ್ದರೆ ಆಗ ಖರ್ಚಿಗೆ ಅರ್ಥವಿದೆ. ಕ್ಯಾಮೆರಾ ಜೊತೆ ಬರುವ ಸಾಮಾನ್ಯ ಲೆನ್ಸ್ ಜೂಮ್ ಮಾಡಿದಾಗ ಎಫ್/5.6ರಲ್ಲಿ ಕೆಲಸ ಮಾಡಿದರೆ, ಎಫ್/1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. 1/60ಕ್ಕೆ ಸಿಲುಕಿದ್ದ ಶಟರ್ ವೇಗವನ್ನು 1/500ರವರೆಗೆ ಏರಿಸಲು ಅಷ್ಟು ಸಾಕು. ಕೊಳ್ಳುವ ಮುನ್ನ ಪರಿಚಿತರ ಲೆನ್ಸ್ ಒಂದು ದಿನಕ್ಕೆ ಕೇಳಿ ಪಡೆದು, ಅದೇ ಬೆಳಕಿನಲ್ಲಿ ತೆಗೆದು ನೋಡಿದರೆ ಹಣ ವ್ಯರ್ಥವಾಗುವುದು ತಪ್ಪುತ್ತದೆ.

ಊರಿಗೆ ಹೋಗಲು ಅಥವಾ ಊರಿನವರು ಬರಲು ಇನ್ನೂ ಒಂದೆರಡು ತಿಂಗಳಿದ್ದರೆ ಅಭ್ಯಾಸ ಶುರು ಮಾಡಲು ಇದೇ ಸರಿಯಾದ ಸಮಯ. ನಾಳೆ ಬೆಳಗ್ಗೆ ಕಿಟಕಿ ಪಕ್ಕ ಲೋಟ ಇಟ್ಟು ಮೊದಲ ಫೋಟೋ ತೆಗೆಯಿರಿ, ಸಂಜೆ ಯಾರಿಗಾದರೂ ತೋರಿಸಿ ಆ ಮೂರು ಪ್ರಶ್ನೆ ಕೇಳಿ.