ಅಟ್ಟದ ಮೇಲೆ ಗೋಲಿ ಸೋಡಾ ಬಾಟಲಿ ಸಿಕ್ತಾ? ಗುಜರಿಗೆ ಹಾಕೋ ಮುಂಚೆ ಇದನ್ನ ಕೇಳಿ

ತೆಲಿಗಿ, ಹರಪನಹಳ್ಳಿ ಕಡೆ ಇರಲಿ, ಬೇರೆಲ್ಲೇ ಇರಲಿ, ಹಳೇ ಮನೆ ಕೆಡವುವಾಗ ಹಿತ್ತಾಳೆ ಸಾಮಾನು ಜೋಪಾನವಾಗಿ ಎತ್ತಿಡ್ತೀವಿ, ಗಾಜನ್ನ ಗುಜರಿಗೆ ಹಾಕ್ತೀವಿ. ಅದರಲ್ಲಿ ಕತ್ತು ಹಿಸುಕಿದಂಥ ದಪ್ಪ ಬಾಟಲಿ ಕಂಡ್ರೆ ಸ್ವಲ್ಪ ನಿಲ್ಲಿ.

ಅದು ಗೋಲಿ ಸೋಡಾ ಬಾಟಲಿ. ಇಂಗ್ಲೆಂಡಿನ ಹೈರಮ್ ಕಾಡ್ 1872ರ ಸುಮಾರಿಗೆ ಪೇಟೆಂಟ್ ಪಡೆದ ವಿನ್ಯಾಸ. ಇದಕ್ಕೆ ಮುಚ್ಚಳವೇ ಇಲ್ಲ. ತಲೆಕೆಳಗಾಗಿ ಹಿಡಿದು ತುಂಬ್ತಾರೆ. ಒಳಗಿನ ಗ್ಯಾಸು ಗೋಲಿಯನ್ನ ಬಾಯಲ್ಲಿರೋ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತೆ. ಗೋಲಿಯನ್ನ ಒಳಕ್ಕೆ ಒತ್ತಿದ್ರೆ 'ಟಪ್' ಅಂತ ತೆರೆಯುತ್ತೆ. ಕುಡಿಯುವಾಗ ಗೋಲಿ ಮತ್ತೆ ಬಾಯಿಗೆ ಅಡ್ಡ ಬರದ ಹಾಗೆ ಕತ್ತಿನ ತಗ್ಗು ತಡೆಯುತ್ತೆ.

ಹಾಗಾದ್ರೆ ಹಳೇವು ಇಡಿಯಾಗಿ ಯಾಕೆ ಅಪರೂಪ? ಗೋಲಿ ಬೇಕಂದ್ರೆ ಬಾಟಲಿ ಒಡೀಲೇಬೇಕು. ಹುಡುಗರು ಒಡೆದ್ರು! ಉಳಿದಿದ್ದು ಯಾರ ಕೈಗೂ ಸಿಗದೆ ಪಾರಾಗಿದ್ದು ಅಷ್ಟೇ.

ಕೊಳ್ಳೋರಿಗೆ ಒಂದು ಮಾತು: ಇಂಥ ಬಾಟಲಿ ಈಗಲೂ ತಯಾರಾಗ್ತವೆ. ಹಾಗಾಗಿ ಗೋಲಿ ಇದೆ ಅಂದ ಮಾತ್ರಕ್ಕೆ ಹಳೇದಲ್ಲ. ತಳ ತಿರುಗಿಸಿ ನೋಡಿ. ವರ್ಷಗಟ್ಟಲೆ ಬಳಸಿದ್ದಕ್ಕೆ ಸವೆದ ಗೀರು ಇರುತ್ತೆ.

ಬೋರ್ ನೀರಿನ ಬಿಳಿ ಕಲೆ ಇದ್ರೆ ಲಿಂಬೆರಸ ಬೆರೆಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿ. ಕುದಿಯೋ ನೀರು ಹಾಕಬೇಡಿ, ಸೀಳು ಬಿಡುತ್ತೆ. ಸೋಡಾ ತುಂಬೋದೂ ಬೇಡ. ಕಿಟಕಿ ಹತ್ರ, ಬೆಳಕು ಬೀಳೋ ಕಡೆ ಇಡಿ, ಸಾಕು.

ಮೈಮೇಲೆ ಉಬ್ಬಕ್ಷರದಲ್ಲಿ ಹೆಸರಿದ್ರೆ ಇವತ್ತೇ ಅಜ್ಜಂಗೆ ತೋರ್ಸಿ. ಆ ಸೋಡಾ ಅಂಗಡಿ ಎಲ್ಲಿತ್ತು ಅಂತ ಹೇಳೋರು ಇನ್ನೆಷ್ಟು ಜನ ಇದ್ದಾರೆ?